ಬೀ ಆರ್ಥರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೀ ಆರ್ಥರ್ ಯಾರು? ಚುಟುಕಾಗಿ ಹೇಳಿ.

ಅಮೆರಿಕದ ರಂಗಭೂಮಿ ಮತ್ತು ಟಿ.ವಿ. ನಟಿ. 1922ರ ಮೇ 13ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ, 2009ರ ಏಪ್ರಿಲ್ 25ರಂದು ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 86 ವರ್ಷ. ಜನ ನೆನಪಿಟ್ಟುಕೊಂಡಿರುವುದು ಎರಡು ಹಾಸ್ಯ ಧಾರಾವಾಹಿಗಳಿಂದ: 'ಮಾಡ್' (1972–78) ಮತ್ತು 'ದ ಗೋಲ್ಡನ್ ಗರ್ಲ್ಸ್' (1985–92). ಎರಡಕ್ಕೂ ಟಿ.ವಿ. ಕೆಲಸಕ್ಕೆ ಕೊಡುವ ಎಮ್ಮಿ ಪ್ರಶಸ್ತಿ ಒಂದೊಂದು ಬಂತು, 1977ರಲ್ಲಿ ಮತ್ತು 1988ರಲ್ಲಿ. ಅದಕ್ಕೂ ಮೊದಲೇ, 1966ರಲ್ಲಿ, ಬ್ರಾಡ್‌ವೇ (ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ವಲಯ) ನಾಟಕಕ್ಕೆ ಟೋನಿ ಎಂಬ ರಂಗಭೂಮಿ ಪ್ರಶಸ್ತಿ ಬಂದಿತ್ತು.

'ಮಾಡ್' ಎನ್ನುವುದು ಹೆಂಗಸಿನ ಹೆಸರು. ಕನ್ನಡದಲ್ಲಿ ಬರೆದಾಗ ಯಾರೋ ಕೆಲಸ ಹೇಳುತ್ತಿರುವ ಹಾಗೆ ಕಾಣುತ್ತದೆ. ಆ ಪಾತ್ರದ ಸ್ವಭಾವಕ್ಕೆ ಅದೂ ಹೊಂದುತ್ತದೆ ಬಿಡಿ.

ಅದು ಅವರ ಹುಟ್ಟುಹೆಸರೇ?

ಅಲ್ಲ. ಹುಟ್ಟುಹೆಸರು ಬರ್ನಿಸ್ ಫ್ರಾಂಕೆಲ್. ಮೊದಲ ಗಂಡ ರಾಬರ್ಟ್ ಅಲನ್ ಆರ್ಥರ್ ಚಿತ್ರಕಥೆ, ಟಿ.ವಿ. ನಾಟಕಗಳನ್ನು ಬರೆಯುತ್ತಿದ್ದವರು. ಅವರ ಮನೆತನದ ಹೆಸರಿನ ಕಾಗುಣಿತದಲ್ಲಿ ರೂಢಿಗಿಂತ ಒಂದು 'ಯು' ಅಕ್ಷರ ಹೆಚ್ಚಿಗೆ ಇತ್ತು. ಮದುವೆ ಮುರಿದ ಮೇಲೂ ಹೆಸರು ಉಳಿಯಿತು, ಆ 'ಯು' ಮಾತ್ರ ಹೋಯಿತು. ಹಳೆಯ ನಾಟಕಗಳ ಪಾತ್ರವರ್ಗ ಹುಡುಕುವವರು 'ಬೀ' ಎಂದು ಹುಡುಕಿದರೆ ಸಿಗದೇ ಹೋಗಬಹುದು, 'ಬಿಯಾಟ್ರಿಸ್ ಆರ್ಥರ್' ಎಂದು ನೋಡಬೇಕು. 'ಮಾಡ್' ಧಾರಾವಾಹಿಯ ಆರಂಭದಲ್ಲಿ ತೋರಿಸುವ ನಟರ ಹೆಸರುಗಳಲ್ಲೂ ಇರುವುದು ಆ ಉದ್ದದ ಹೆಸರೇ.

ಬಾಲ್ಯ ಎಲ್ಲಿ?

ಯೆಹೂದಿ ಕುಟುಂಬ. ಅವರು ಇನ್ನೂ ಚಿಕ್ಕವರಿದ್ದಾಗಲೇ ಮನೆಯವರು ನ್ಯೂಯಾರ್ಕ್ ಬಿಟ್ಟು ಮೇರಿಲ್ಯಾಂಡ್ ರಾಜ್ಯದ ಕೇಂಬ್ರಿಜ್ ಎಂಬ ಸಣ್ಣ ಊರಿಗೆ ಹೋಗಿ ಹೆಂಗಸರ ಬಟ್ಟೆ ಅಂಗಡಿ ಇಟ್ಟರು. ಬೆಳೆದಂತೆ ಎತ್ತರ ಸುಮಾರು 5 ಅಡಿ 9 ಇಂಚಿಗೆ ಮುಟ್ಟಿತು, ದನಿ ಗಂಡಸರಷ್ಟು ಕೆಳಗಿಳಿಯಿತು. ಸಿನಿಮಾದ ನಾಯಕಿ ಆಗಲು ಈ ಎರಡೂ ಅಡ್ಡಿ. ಮುಂದೆ ಅನ್ನ ಕೊಟ್ಟದ್ದೂ ಇವೇ ಎರಡು.

ಸೈನ್ಯದಲ್ಲಿದ್ದರು ಎನ್ನುವುದು ನಿಜವೇ? ಅವರೇ ಅಲ್ಲಗಳೆದಿದ್ದರಲ್ಲ?

ನಿಜ, ಅಲ್ಲಗಳೆದದ್ದೂ ನಿಜ. ಎರಡನೇ ಮಹಾಯುದ್ಧದ ನಡುವೆ, 1943ರ ಫೆಬ್ರುವರಿಯಲ್ಲಿ, ಅಮೆರಿಕದ ಮರೀನ್ ದಳ ಹೆಂಗಸರಿಗಾಗಿ ಮೀಸಲು ಪಡೆ ತೆರೆಯಿತು. ಅದೇ ತಿಂಗಳು ಸೇರಿಕೊಂಡ ಮೊದಮೊದಲಿಗರಲ್ಲಿ ಬರ್ನಿಸ್ ಫ್ರಾಂಕೆಲ್ ಒಬ್ಬರು, ವಯಸ್ಸು 20. ಟೈಪಿಸ್ಟ್ ಕೆಲಸದಿಂದ ಶುರುವಾಗಿ, ಆಮೇಲೆ ವಾಹನ ವಿಭಾಗದ ತರಬೇತಿ ಪಡೆದು, ನಾರ್ತ್ ಕೆರೊಲಿನಾದ ಚೆರ್ರಿ ಪಾಯಿಂಟ್ ವಾಯುನೆಲೆಯಲ್ಲಿ ಲಾರಿ ಓಡಿಸುವ ಮತ್ತು ವಾಹನಗಳನ್ನು ಕಳಿಸಿಕೊಡುವ ಕೆಲಸ ಮಾಡಿದರು. 1945ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದಾಗ ಸ್ಟಾಫ್ ಸಾರ್ಜೆಂಟ್.

ಮುಂದೊಂದು ಸಂದರ್ಶನದಲ್ಲಿ ಕೇಳಿದಾಗ ಹಾಗೇನೂ ಇಲ್ಲ ಎಂದುಬಿಟ್ಟರು. ಅವರು ತೀರಿಕೊಂಡ ಮರುವರ್ಷ, 2010ರಲ್ಲಿ, ಸರ್ಕಾರಿ ಕಡತ ಹೊರಬಂದು ಅನುಮಾನ ಮುಗಿಯಿತು. ಸೇರ್ಪಡೆಯ ಸಮಯದಲ್ಲಿ ಅವರನ್ನು ಮಾತಾಡಿಸಿದ ಅಧಿಕಾರಿ, ಈಕೆ ವಾದ ಮಾಡುವವಳು, ತನ್ನಿಷ್ಟದಂತೆ ಬಿಟ್ಟರೆ ಕೆಲಸ ಚೆನ್ನಾಗಿ ಮಾಡಬಹುದು ಎನ್ನುವ ಅರ್ಥದಲ್ಲಿ ಷರಾ ಬರೆದಿದ್ದಾರೆ. ಮಾಡ್ ಪಾತ್ರದ ವರ್ಣನೆ ಮೂವತ್ತು ವರ್ಷ ಮೊದಲೇ ಮಿಲಿಟರಿ ಕಡತದಲ್ಲಿತ್ತು ಎನ್ನಬೇಕು.

ನಟನೆ ಕಲಿತದ್ದು ಎಲ್ಲಿ?

ಸೈನ್ಯದಿಂದ ಬಂದು ಮೊದಲು ಕಲಿತದ್ದು ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಲ್ಯಾಬ್ ಕೆಲಸ. ಅದು ಹಿಡಿಸಲಿಲ್ಲ. 1947ರಲ್ಲಿ ನ್ಯೂಯಾರ್ಕಿನ ನ್ಯೂ ಸ್ಕೂಲ್ ಸಂಸ್ಥೆಯ ನಾಟಕ ತರಬೇತಿಗೆ ಸೇರಿದರು. ಅದನ್ನು ನಡೆಸುತ್ತಿದ್ದವರು ಜರ್ಮನಿಯಿಂದ ಬಂದಿದ್ದ ನಿರ್ದೇಶಕ ಎರ್ವಿನ್ ಪಿಸ್ಕಾಟರ್. ಜರ್ಮನ್ ನಾಟಕಕಾರ ಬ್ರೆಕ್ಟ್ ಜತೆ ಸೇರಿ ರಾಜಕೀಯ ರಂಗಭೂಮಿ ಕಟ್ಟಿದವರ ಕೈಕೆಳಗಿನ ಪಾಠ ಅದು. ಎರಡನೇ ಗಂಡನಾದ ನಟ, ನಿರ್ದೇಶಕ ಜೀನ್ ಸ್ಯಾಕ್ಸ್ ಕೂಡ ಆ ಬಳಗದವರೇ. 1950ರಲ್ಲಿ ಮದುವೆ, 1978ರಲ್ಲಿ ವಿಚ್ಛೇದನ, ಇಬ್ಬರು ದತ್ತುಮಕ್ಕಳು.

ಟಿ.ವಿ.ಗೆ ಬರುವ ಮೊದಲು ರಂಗದ ಮೇಲೆ ಏನೇನು ಮಾಡಿದ್ದರು?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದದ್ದು ಮಾತ್ರ ಇದೇ. 'ಮಾಡ್' ಶುರುವಾದಾಗ ಅವರಿಗೆ 50 ವರ್ಷ. ಅದಕ್ಕೆ ಮೊದಲಿನ ಇಪ್ಪತ್ತೈದು ವರ್ಷ ಬಹುಪಾಲು ನಾಟಕದ್ದು.

1954ರಲ್ಲಿ ಬ್ರೆಕ್ಟ್ ಅವರ ಸಂಗೀತ ನಾಟಕ 'ದ ತ್ರೀಪೆನ್ನಿ ಆಪೆರಾ' ಇಂಗ್ಲಿಷ್ ರೂಪದಲ್ಲಿ ನ್ಯೂಯಾರ್ಕಿನ ಗ್ರೆನಿಚ್ ವಿಲೇಜ್ ಬಡಾವಣೆಯ ಥಿಯೇಟರ್ ಡಿ ಲಿಸ್‌ನಲ್ಲಿ ರಂಗಕ್ಕೆ ಬಂತು. 300ರ ಆಸುಪಾಸು ಸೀಟಿನ ಪುಟ್ಟ ಮಂದಿರ, ಅಂದರೆ ಆಫ್-ಬ್ರಾಡ್‌ವೇ. ಆರ್ಥರ್ ಅವರದು ಲೂಸಿ ಬ್ರೌನ್ ಪಾತ್ರ, ಜತೆಗೆ ನಟಿಸುತ್ತಿದ್ದವರು ಮೂಲ ಜರ್ಮನ್ ಪ್ರದರ್ಶನದಲ್ಲೂ ಇದ್ದ ಲೊಟ್ಟೆ ಲೆನ್ಯಾ. ಕೆಲವು ತಿಂಗಳು ನಡೆದು ನಿಂತ ನಾಟಕ 1955ರಲ್ಲಿ ಮತ್ತೆ ಶುರುವಾಗಿ 1961ರವರೆಗೆ ಓಡಿತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಬ್ರಾಡ್‌ವೇ, ಆಫ್-ಬ್ರಾಡ್‌ವೇ ಎನ್ನುವುದು ರಸ್ತೆಯ ಲೆಕ್ಕವಲ್ಲ, ಮುಖ್ಯವಾಗಿ ಸೀಟಿನ ಲೆಕ್ಕ. 500 ಅಥವಾ ಹೆಚ್ಚು ಸೀಟಿದ್ದರೆ ಬ್ರಾಡ್‌ವೇ, 100ರಿಂದ 499 ಆದರೆ ಆಫ್-ಬ್ರಾಡ್‌ವೇ. ಟೋನಿ ಪ್ರಶಸ್ತಿ ಮೊದಲನೆಯದಕ್ಕೆ ಮಾತ್ರ.

1964ರ ಸೆಪ್ಟೆಂಬರ್ 22ರಂದು ಬ್ರಾಡ್‌ವೇಯ ಇಂಪೀರಿಯಲ್ ಥಿಯೇಟರಿನಲ್ಲಿ 'ಫಿಡ್ಲರ್ ಆನ್ ದ ರೂಫ್' ಎಂಬ ಸಂಗೀತ ನಾಟಕ ತೆರೆಕಂಡಾಗ ಯೆಂಟೆ ಎಂಬ ಮದುವೆ ದಲ್ಲಾಳಿಯ ಪಾತ್ರವನ್ನು ಮೊದಲು ಮಾಡಿದವರು ಇವರು. ಪಾತ್ರ ದೊಡ್ಡದಲ್ಲ. ನಿಂತಲ್ಲಿ ನಿಲ್ಲದೆ, ಎದುರಿನವರಿಗೆ ಬಾಯಿ ತೆಗೆಯಲು ಬಿಡದೆ, ಹೆಣ್ಣು ಗಂಡುಗಳ ಜಾತಕ ಹೊತ್ತು ಮನೆಮನೆ ಸುತ್ತುವ ಹೆಂಗಸು. ನಮ್ಮಲ್ಲೂ ಇಂಥವರನ್ನು ಕಾಣದವರಿಲ್ಲ.

'ಮೇಮ್' ನಾಟಕಕ್ಕೆ ಟೋನಿ ಬಂದದ್ದು ನಾಯಕಿಯಾಗಿಯೇ?

ಅಲ್ಲ, ಪೋಷಕ ನಟಿಯಾಗಿ. 1966ರ ಮೇ 24ರಂದು ವಿಂಟರ್ ಗಾರ್ಡನ್ ಥಿಯೇಟರಿನಲ್ಲಿ ಆರಂಭವಾದ ಈ ಸಂಗೀತ ನಾಟಕದಲ್ಲಿ ನಾಯಕಿ ಮೇಮ್ ಆದವರು ಆಂಜೆಲಾ ಲ್ಯಾನ್ಸ್‌ಬರಿ. ಮೇಮ್‌ಳ ಗೆಳತಿ, ಸದಾ ಅಮಲಿನಲ್ಲಿರುವ ರಂಗನಟಿ ವೆರಾ ಚಾರ್ಲ್ಸ್ ಪಾತ್ರ ಆರ್ಥರ್ ಅವರದು. ಇಬ್ಬರೂ ಟೋನಿ ಪಡೆದರು. ನಾಟಕ 1,508 ಪ್ರದರ್ಶನ ಕಂಡಿತು, ನಿರ್ದೇಶನ ಜೀನ್ ಸ್ಯಾಕ್ಸ್ ಅವರದೇ.

1974ರ ಸಿನಿಮಾ ಬೇರೆ. ಅದರಲ್ಲಿ ವೆರಾ ಪಾತ್ರಕ್ಕೆ ಆರ್ಥರ್ ಉಳಿದರು, ಮೇಮ್ ಆದದ್ದು ಲೂಸಿಲ್ ಬಾಲ್. ಸಿನಿಮಾ ಸೋತಿತು. ಗೆಳತಿಯರಿಬ್ಬರು ಪರಸ್ಪರ ಚುಚ್ಚಿಕೊಳ್ಳುವ ಜೋಡಿ ಹಾಡೊಂದಿದೆ, ಅದನ್ನು ಸಿನಿಮಾದಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. ಮೂಲ ರಂಗ ತಂಡದ ಧ್ವನಿಮುದ್ರಿಕೆ ಕೇಳಿ.

ಟಿ.ವಿ. ಅವಕಾಶ ಸಿಕ್ಕಿದ್ದು ಹೇಗೆ?

ನಿರ್ಮಾಪಕ ನಾರ್ಮನ್ ಲಿಯರ್ ಅವರಿಂದ. 1955ರ 'ಶೂಸ್ಟ್ರಿಂಗ್ ರೆವ್ಯೂ' ಎಂಬ ಹಾಡು, ಪ್ರಹಸನಗಳ ಪ್ರದರ್ಶನದಲ್ಲಿ ಆರ್ಥರ್ ಹಾಡಿದ್ದನ್ನು ಕಂಡಾಗಿನಿಂದ ಲಿಯರ್ ಅವರನ್ನು ಮರೆತಿರಲಿಲ್ಲ. 'ಆಲ್ ಇನ್ ದ ಫ್ಯಾಮಿಲಿ' ಧಾರಾವಾಹಿಯಲ್ಲಿ ಆರ್ಚಿ ಬಂಕರ್ ಎಂಬ ಹಳೆಯ ಕಾಲದ, ಜನಾಂಗದ್ವೇಷದ ಮನೆಯಜಮಾನನಿದ್ದಾನೆ. ಅವನ ಬಾಯಿ ಮುಚ್ಚಿಸುವಂಥ ಒಬ್ಬಳು ಬೇಕಿತ್ತು. 1971ರ ಡಿಸೆಂಬರಿನ ಒಂದು ಕಂತಿನಲ್ಲಿ ಮನೆಮಂದಿಯೆಲ್ಲ ಜ್ವರದಲ್ಲಿ ಮಲಗಿದಾಗ ಆರೈಕೆಗೆ ಬರುವ ಹೆಂಡತಿಯ ಸೋದರಸಂಬಂಧಿಯಾಗಿ ಮಾಡ್ ಬಂದಳು. ಆ ಒಂದು ಕಂತು ಸಾಕಾಯಿತು. ಸಿ.ಬಿ.ಎಸ್. ಚಾನೆಲ್ ಆಕೆಗೇ ಒಂದು ಧಾರಾವಾಹಿ ಕೊಟ್ಟಿತು, 1972ರ ಸೆಪ್ಟೆಂಬರ್ 12ರಂದು ಅದು ಶುರುವಾಯಿತು. ಮೊದಲ ವರ್ಷವೇ ವೀಕ್ಷಕರ ಲೆಕ್ಕದಲ್ಲಿ ದೇಶಕ್ಕೆ ನಾಲ್ಕನೇ ಸ್ಥಾನ.

ಮಾಡ್ ಫಿಂಡ್ಲೆ ನ್ಯೂಯಾರ್ಕಿನ ಹೊರಭಾಗದ ಟಕಹೋ ಎಂಬ ಊರಿನವಳು. ನಾಲ್ಕನೇ ಗಂಡನ ಜತೆ ಸಂಸಾರ, ವಿಚ್ಛೇದನವಾದ ಮಗಳು ಮನೆಯಲ್ಲಿ, ರಾಜಕೀಯವಾಗಿ ಉದಾರವಾದಿ. ಆರ್ಚಿಯನ್ನು ಹಳಿಯಲು ಹುಟ್ಟಿದವಳಾದರೂ ಬರಹಗಾರರು ಆಕೆಯನ್ನೂ ಬಿಡಲಿಲ್ಲ. ಕಪ್ಪು ಮನೆಗೆಲಸದಾಕೆ ಫ್ಲೋರಿಡಾಳನ್ನು ಸಮಾನವಾಗಿ ನೋಡಿಕೊಳ್ಳುತ್ತೇನೆಂದು ತೋರಿಸಿಕೊಳ್ಳಲು ಹೋಗಿ ಮಾಡ್ ಅವಳ ಪ್ರಾಣ ತಿನ್ನುತ್ತಾಳೆ. ಆ ಫ್ಲೋರಿಡಾ ಪಾತ್ರದಿಂದಲೇ 1974ರಲ್ಲಿ 'ಗುಡ್ ಟೈಮ್ಸ್' ಎಂಬ ಇನ್ನೊಂದು ಧಾರಾವಾಹಿ ಟಿಸಿಲೊಡೆಯಿತು.

ಗರ್ಭಪಾತದ ಕಂತಿಗೆ ಅಷ್ಟು ಗಲಾಟೆ ಏಕೆ?

ದಿನಾಂಕಗಳನ್ನು ಜೋಡಿಸಿ ನೋಡಿದರೆ ಅರ್ಥವಾಗುತ್ತದೆ. 'ಮಾಡ್ಸ್ ಡಿಲೆಮಾ' ಎರಡು ಭಾಗದ ಕಂತು, ಪ್ರಸಾರವಾದದ್ದು 1972ರ ನವೆಂಬರ್ 14 ಮತ್ತು 21ರಂದು. ಬರೆದವರು ಸೂಸನ್ ಹ್ಯಾರಿಸ್. 47 ವರ್ಷದ ಮಾಡ್ ತಾನು ಗರ್ಭಿಣಿ ಎಂದು ತಿಳಿದು, ಗಂಡನೊಂದಿಗೆ ಮಾತಾಡಿ, ಗರ್ಭಪಾತ ಮಾಡಿಸಿಕೊಳ್ಳಲು ನಿರ್ಧರಿಸುತ್ತಾಳೆ. ಕಥೆ ನಡೆಯುವ ನ್ಯೂಯಾರ್ಕ್ ರಾಜ್ಯದಲ್ಲಿ 1970ರಿಂದಲೇ ಅದು ಕಾನೂನುಬದ್ಧ. ಆದರೆ ಧಾರಾವಾಹಿ ಇಡೀ ದೇಶಕ್ಕೆ ಹೋಗುತ್ತಿತ್ತು, ಇತರ ಬಹಳಷ್ಟು ರಾಜ್ಯಗಳಲ್ಲಿ ಅದು ಅಪರಾಧ. ದೇಶದಾದ್ಯಂತ ಹಕ್ಕನ್ನು ಒಪ್ಪಿದ ಸುಪ್ರೀಂ ಕೋರ್ಟಿನ 'ರೋ ವಿರುದ್ಧ ವೇಡ್' ತೀರ್ಪು ಬಂದದ್ದು ಎರಡು ತಿಂಗಳ ನಂತರ, 1973ರ ಜನವರಿ 22ರಂದು.

ಗಲಾಟೆ ಜೋರಾದದ್ದು ಮೊದಲ ಪ್ರಸಾರದಲ್ಲಿ ಅಲ್ಲ, 1973ರ ಆಗಸ್ಟಿನ ಮರುಪ್ರಸಾರದಲ್ಲಿ. ಮೊದಲ ಸಲ ಇಲಿನಾಯ್ ರಾಜ್ಯದ ಎರಡು ಟಿ.ವಿ. ಕೇಂದ್ರಗಳು ಹಿಂದೆ ಸರಿದಿದ್ದವು ಅಷ್ಟೆ. ಮರುಪ್ರಸಾರದ ಹೊತ್ತಿಗೆ ವಿರೋಧಿಗಳು ಸಂಘಟಿತರಾಗಿದ್ದರು. ಹಲವು ಸ್ಥಳೀಯ ಕೇಂದ್ರಗಳು ಪ್ರಸಾರ ನಿರಾಕರಿಸಿದವು, ಜಾಹೀರಾತುದಾರರು ಕೈಬಿಟ್ಟರು.

'ಅಮೆರಿಕದ ಟಿ.ವಿ.ಯ ಮೊಟ್ಟಮೊದಲ ಗರ್ಭಪಾತ' ಎಂದು ಅನೇಕ ಕಡೆ ಬರೆದಿರುತ್ತದೆ, ಅದು ಸರಿಯಲ್ಲ. 1964ರಲ್ಲೇ 'ಅನದರ್ ವರ್ಲ್ಡ್' ಎಂಬ ಹಗಲಿನ ಧಾರಾವಾಹಿಯಲ್ಲಿ ಕಾನೂನುಬಾಹಿರ ಗರ್ಭಪಾತದ ಕಥೆ ಬಂದಿತ್ತು. 'ಮಾಡ್'ನಲ್ಲಿ ಹೊಸದಾಗಿದ್ದದ್ದು ಬೇರೆ: ಸಂಜೆಯ ಹಾಸ್ಯ ಧಾರಾವಾಹಿ, ಅದರ ನಾಯಕಿ, ಕಾನೂನು ಒಪ್ಪಿದ ದಾರಿ, ಮತ್ತು ಆಕೆಗೆ ಕೊನೆಯಲ್ಲಿ ಯಾವ ಶಿಕ್ಷೆಯೂ ಇಲ್ಲ.

'ಮಾಡ್' ನಿಂತದ್ದು ಏಕೆ?

ಅವರೇ ಸಾಕೆಂದರು. ಆರು ಸೀಸನ್, 141 ಕಂತು. ಕೊನೆಗೆ ಮಾಡ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯೆಯಾಗಿ ವಾಷಿಂಗ್ಟನ್ನಿಗೆ ಹೋಗುತ್ತಾಳೆ, ಅಲ್ಲಿಂದ ಹೊಸ ಕಥೆ ಮುಂದುವರಿಸುವ ಯೋಜನೆ ಇತ್ತು. 1978ರ ಏಪ್ರಿಲ್ 22ಕ್ಕೆ ಮುಗಿಯಿತು.

'ಸ್ಟಾರ್ ವಾರ್ಸ್'ನಲ್ಲಿ ಇದ್ದರಂತೆ?

ಸಿನಿಮಾದಲ್ಲಿ ಅಲ್ಲ. 1978ರ ನವೆಂಬರ್ 17ರಂದು ಪ್ರಸಾರವಾದ 'ಸ್ಟಾರ್ ವಾರ್ಸ್ ಹಾಲಿಡೇ ಸ್ಪೆಷಲ್' ಎಂಬ ಟಿ.ವಿ. ಕಾರ್ಯಕ್ರಮದಲ್ಲಿ. ಅನ್ಯಗ್ರಹದವರು ತುಂಬಿದ ಹೆಂಡದಂಗಡಿಯ ರಾತ್ರಿಪಾಳಿ ನೋಡಿಕೊಳ್ಳುವ ಅಕ್ಮೆನಾ ಆಗಿ, ಅಂಗಡಿ ಮುಚ್ಚುವಾಗ ಒಂದು ಹಾಡನ್ನೂ ಹಾಡುತ್ತಾರೆ. ಕಾರ್ಯಕ್ರಮ ನಗೆಪಾಟಲಾಗಿ ಹೆಸರು ಕೆಡಿಸಿಕೊಂಡದ್ದು. ಆ ಹಾಡಿನ ಮೂರ್ನಾಲ್ಕು ನಿಮಿಷ ಮಾತ್ರ ತ್ರೀಪೆನ್ನಿ ಕಾಲದ ರಂಗನಟಿ ಕಾಣುತ್ತಾರೆ.

ಎರಡು ದೊಡ್ಡ ಧಾರಾವಾಹಿಗಳ ನಡುವಿನ ಇನ್ನೆರಡು ಕೆಲಸ: 1981ರಲ್ಲಿ ಲಿಂಕನ್ ಸೆಂಟರಿನಲ್ಲಿ 'ದ ಫ್ಲೋಟಿಂಗ್ ಲೈಟ್ ಬಲ್ಬ್' ನಾಟಕ, 1983ರಲ್ಲಿ 'ಅಮಾಂಡಾಸ್' ಧಾರಾವಾಹಿ. ಎರಡನೆಯದು ಹೋಟೆಲೊಂದರಲ್ಲಿ ನಡೆಯುವ ಬ್ರಿಟನ್ನಿನ ಹಾಸ್ಯ ಧಾರಾವಾಹಿ 'ಫಾಲ್ಟಿ ಟವರ್ಸ್'ನ ಅಮೆರಿಕನ್ ರೂಪ, ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಕಾರಣ ಸರಳ. ಮೂಲದ ನಗೆಯೆಲ್ಲ ಇರುವುದು ಹೆಂಡತಿಗೆ ಹೆದರುವ ಗಂಡನಲ್ಲಿ. ಇಲ್ಲಿ ಗಂಡನ ಪಾತ್ರವನ್ನೇ ತೆಗೆದು ಹೋಟೆಲನ್ನು ಒಬ್ಬ ವಿಧವೆಗೆ ಕೊಟ್ಟರು. ಹೆದರಲು ಯಾರೂ ಇಲ್ಲದ ಮೇಲೆ ಬೈಗುಳವಷ್ಟೇ ಉಳಿಯಿತು.

'ಗೋಲ್ಡನ್ ಗರ್ಲ್ಸ್'ಗೆ ಅವರನ್ನು ಮೊದಲೇ ಆರಿಸಿದ್ದರೇ?

ಮನಸ್ಸಿನಲ್ಲಿ ಆರಿಸಿದ್ದರು. ಮಯಾಮಿಯ ಒಂದೇ ಮನೆಯಲ್ಲಿ ಬಾಳುವ ನಾಲ್ವರು ನಡುವಯಸ್ಸು ದಾಟಿದ ಹೆಂಗಸರ ಈ ಕಥೆಯನ್ನು ಹೆಣೆದವರೂ ಸೂಸನ್ ಹ್ಯಾರಿಸ್. ಡೊರೊಥಿ ಪಾತ್ರಕ್ಕೆ 'ಬೀ ಆರ್ಥರ್ ಥರದವರು' ಬೇಕೆಂದು ಬರೆದುಕೊಂಡಿದ್ದರು. ಆದರೂ ಬೇರೆ ನಟಿಯರನ್ನು ನೋಡಿದರು, ರಂಗನಟಿ ಎಲೇನ್ ಸ್ಟ್ರಿಚ್ ಕೂಡ ಬಂದು ಪಾತ್ರದ ಮಾತು ಓದಿ ತೋರಿಸಿದ್ದರು. ಆರ್ಥರ್ ಹಿಂಜರಿದದ್ದಕ್ಕೆ ಕಾರಣವಿತ್ತು. ಜತೆಗೆ ನಟಿಸಲಿದ್ದವರಲ್ಲಿ ರೂ ಮೆಕ್ಲಾನಹನ್ 'ಮಾಡ್'ನಲ್ಲಿ ಅವರ ಪೆದ್ದು ಗೆಳತಿಯಾಗಿದ್ದವರು, ಬೆಟ್ಟಿ ವೈಟ್ ಇನ್ನೊಂದು ಧಾರಾವಾಹಿಯಲ್ಲಿ ಗಂಡಸರ ಹಿಂದೆ ಬೀಳುವ ಪಾತ್ರಕ್ಕೆ ಹೆಸರಾದವರು. ಹಳೆಯ ಪಾತ್ರಗಳನ್ನೇ ಒಂದು ಮನೆಯಲ್ಲಿ ಕೂಡಿಹಾಕಿದಂತಾಗುತ್ತದಲ್ಲ ಎಂಬ ಅಳುಕು. ಮೊದಲ ಕಂತಿನ ನಿರ್ದೇಶಕ ಜೇ ಸ್ಯಾಂಡ್ರಿಚ್ ಆ ಇಬ್ಬರ ಪಾತ್ರಗಳನ್ನು ಅದಲುಬದಲು ಮಾಡಿದರು. ವೈಟ್ ಪೆದ್ದು ರೋಸ್ ಆದರು, ಮೆಕ್ಲಾನಹನ್ ಗಂಡಸರನ್ನು ಬೆನ್ನಟ್ಟುವ ಬ್ಲಾಂಚ್ ಆದರು. ಮೆಕ್ಲಾನಹನ್ ಹೇಳಿ ಒಪ್ಪಿಸಿದ ಮೇಲೆ ಆರ್ಥರ್ ಬಂದರು.

ಅಮ್ಮನ ಪಾತ್ರದವರು ಮಗಳಿಗಿಂತ ಚಿಕ್ಕವರಂತೆ?

ಹೌದು. ಅಮ್ಮ ಸೋಫಿಯಾ ಆದ ಎಸ್ಟೆಲ್ ಗೆಟ್ಟಿ ಹುಟ್ಟಿದ್ದು 1923ರ ಜುಲೈ 25ರಂದು, ಆರ್ಥರ್‌ಗಿಂತ ಒಂದು ವರ್ಷಕ್ಕೂ ಹೆಚ್ಚು ಚಿಕ್ಕವರು. ಬಿಳಿ ವಿಗ್, ಬಣ್ಣ, ದೊಡ್ಡ ಕನ್ನಡಕ, ತೋಳಿನಲ್ಲಿ ತೂಗುವ ಚೀಲ ಎಲ್ಲ ಸೇರಿ ವಯಸ್ಸು ಏರಿಸುತ್ತಿದ್ದವು. ಬೆಟ್ಟಿ ವೈಟ್ (ಜನವರಿ 1922) ಎಲ್ಲರಿಗಿಂತ ಹಿರಿಯರು, ಮೆಕ್ಲಾನಹನ್ (1934) ತೀರಾ ಕಿರಿಯರು. ಗೆಟ್ಟಿ ಐದಡಿಯೂ ಇಲ್ಲ, ಮಗಳು ಐದೂಮುಕ್ಕಾಲು ಅಡಿ. ಇಬ್ಬರೂ ಅಕ್ಕಪಕ್ಕ ನಿಂತರೆ ಮಾತಿಗೆ ಮೊದಲೇ ಅರ್ಧ ನಗೆ ಬಂದಾಗಿರುತ್ತಿತ್ತು.

ಅವರು ಸುಮ್ಮನೆ ನೋಡಿದರೂ ಜನ ನಗುತ್ತಾರಲ್ಲ, ಅದರಲ್ಲಿ ಏನಿದೆ?

ಮೊದಲು ಚಿತ್ರೀಕರಣದ ಕ್ರಮ ತಿಳಿಯಬೇಕು. ಎರಡೂ ಧಾರಾವಾಹಿಗಳನ್ನು ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು, ಹಲವು ಕ್ಯಾಮೆರಾ ಇಟ್ಟು, ವಿಡಿಯೊ ಟೇಪಿನಲ್ಲಿ ತೆಗೆಯುತ್ತಿದ್ದರು. ವಾರದ ಮೊದಲ ದಿನಗಳಲ್ಲಿ ಓದು ಮತ್ತು ತಾಲೀಮು, ಆಮೇಲೆ ಕ್ಯಾಮೆರಾ ಜತೆ ತಾಲೀಮು, ಕೊನೆಗೆ ಒಂದೇ ದಿನ ಬೇರೆ ಬೇರೆ ಪ್ರೇಕ್ಷಕರೆದುರು ಎರಡು ಸಲ ಪೂರ್ತಿ ಪ್ರದರ್ಶನ. ಎರಡರಲ್ಲಿ ಚೆನ್ನಾದ ತುಣುಕುಗಳನ್ನು ಜೋಡಿಸಿ ಕಂತು ಕಟ್ಟುವುದು. ಅಂದರೆ ಇದು ಮುಕ್ಕಾಲು ಪಾಲು ನಾಟಕವೇ.

ಇಂಥ ಕಡೆ ನಟರಿಗೆ ಬರುವ ದೊಡ್ಡ ತೊಡಕು ನಗೆಯದ್ದು. ಜನ ನಗುತ್ತಿರುವಾಗಲೇ ಮುಂದಿನ ಮಾತು ಆಡಿದರೆ ಆ ಮಾತು ಮುಳುಗಿಹೋಗುತ್ತದೆ, ಮುಂದಿನ ಮಾತು ಕೇಳಿಸಲಿ ಎಂದು ಜನ ನಗೆಯನ್ನು ನುಂಗುವುದನ್ನೂ ಕಲಿತುಬಿಡುತ್ತಾರೆ. ನಗೆ ಪೂರ್ತಿ ಆರುವವರೆಗೆ ಕಾದರೆ ದೃಶ್ಯ ತಣ್ಣಗಾಗುತ್ತದೆ. ನಗೆ ಶಿಖರಕ್ಕೇರಿ ಇಳಿಯತೊಡಗಿದಾಗ, ಇನ್ನೂ ಮುಗಿಯುವ ಮೊದಲು, ಬಾಯಿ ತೆರೆಯಬೇಕು. ಅಷ್ಟು ಹೊತ್ತು ಏನು ಮಾಡುವುದು? ಅನುಭವವಿಲ್ಲದವರು ಲೋಟ ಎತ್ತುತ್ತಾರೆ, ಕೂದಲು ಸರಿಮಾಡಿಕೊಳ್ಳುತ್ತಾರೆ. ಆರ್ಥರ್ ಏನೂ ಮಾಡುತ್ತಿರಲಿಲ್ಲ.

ರೋಸ್ ತನ್ನ ಊರಾದ ಸೇಂಟ್ ಓಲಾಫಿನ ಕಥೆಯೊಂದನ್ನು ಹೇಳಿ ಮುಗಿಸುವ ಯಾವುದೇ ದೃಶ್ಯ ತೆಗೆದುಕೊಳ್ಳಿ. ಕಥೆಗೆ ಒಂದು ನಗೆ ಬೀಳುತ್ತದೆ. ಡೊರೊಥಿ ಮುಂದೆ ನೋಡುತ್ತಲೇ ಇರುತ್ತಾಳೆ. ನಗೆ ಇಳಿಯುವ ಹೊತ್ತಿಗೆ ತಲೆಯಷ್ಟೇ ರೋಸ್ ಕಡೆ ತಿರುಗುತ್ತದೆ, ಭುಜ ಅಲುಗುವುದಿಲ್ಲ: ಎರಡನೇ ನಗೆ. ಅದೂ ಇಳಿದಾಗ ಆ ಕೆಳದನಿಯಲ್ಲಿ ಎರಡೋ ಮೂರೋ ಪದ: ಮೂರನೇ ನಗೆ. ಬರಹಗಾರರು ಬರೆದಿದ್ದು ಒಂದು ಜೋಕು, ಬಂದದ್ದು ಮೂರು ನಗೆ. ತಲೆ ಬೇಗ ತಿರುಗಿದರೆ ಮೊದಲ ನಗೆಯಲ್ಲೇ ಎರಡನೆಯದು ಸೇರಿ ಹಾಳಾಗುತ್ತದೆ, ಭುಜವೂ ತಿರುಗಿದರೆ ಅದು ಸಿಟ್ಟಾಗಿ ಕಾಣುತ್ತದೆ. ಪಿಸ್ಕಾಟರ್ ಶಾಲೆ, ಸಾವಿರಾರು ರಾತ್ರಿಯ ಪ್ರದರ್ಶನ ಇವುಗಳಿಂದ ಬಂದ ಲೆಕ್ಕಾಚಾರ ಅದು. ಮುಖಚರ್ಯೆಯ ವಿಷಯ ಎಂದುಕೊಂಡು ಅನುಕರಿಸುವವರು ಸೋಲುವುದು ಇಲ್ಲೇ.

ಬೆಟ್ಟಿ ವೈಟ್ ಜತೆ ಜಗಳವಿತ್ತೇ?

ಜಗಳ ಎನ್ನುವಷ್ಟಿಲ್ಲ, ಸಲಿಗೆ ಇರಲಿಲ್ಲ. ಆರ್ಥರ್‌ಗೆ ತನ್ನನ್ನು ಕಂಡರೆ ಅಷ್ಟಕ್ಕಷ್ಟೆ ಎಂದು ವೈಟ್ ಅವರೇ ಬಹಿರಂಗವಾಗಿ ಹೇಳಿದ್ದಾರೆ. ಕೆಲಸದ ರೀತಿಯೂ ಬೇರೆ. ವೈಟ್ ಟಿ.ವಿ.ಯಲ್ಲೇ ಬೆಳೆದವರು, ದೃಶ್ಯಗಳ ನಡುವೆ ಪ್ರೇಕ್ಷಕರ ಜತೆ ಹರಟಿ ಬರುತ್ತಿದ್ದರು. ಆರ್ಥರ್‌ಗೆ ಒಮ್ಮೆ ರಂಗಕ್ಕೆ ಇಳಿದರೆ ಮುಗಿಯುವವರೆಗೆ ಪಾತ್ರ ಬಿಡುವುದು ಸರಿಬರುತ್ತಿರಲಿಲ್ಲ. ನಾಲ್ವರಿಗೂ ಎಮ್ಮಿ ಬಂತು: ವೈಟ್‌ಗೆ 1986, ಮೆಕ್ಲಾನಹನ್‌ಗೆ 1987, ಆರ್ಥರ್ ಮತ್ತು ಗೆಟ್ಟಿಗೆ 1988.

ಧಾರಾವಾಹಿ ಬಿಟ್ಟದ್ದು ಏಕೆ?

ಏಳು ಸೀಸನ್, 180 ಕಂತು ಆಗಿತ್ತು. ಮೊದಲ ಆರೂ ವರ್ಷ ದೇಶದ ಮೊದಲ ಹತ್ತರೊಳಗಿದ್ದದ್ದು ಏಳನೇ ವರ್ಷ ಕೆಳಗಿಳಿಯಿತು. ಬರೆಯಲು ಇನ್ನೇನೂ ಉಳಿದಿಲ್ಲ ಎಂದು ಅವರಿಗೆ ಅನಿಸಿತ್ತು. 1992ರ ಮೇ 9ರ ಕೊನೆಯ ಕಂತಿನಲ್ಲಿ ಡೊರೊಥಿ ಮದುವೆಯಾಗಿ ಮನೆ ಬಿಡುತ್ತಾಳೆ. ಉಳಿದ ಮೂವರು 'ದ ಗೋಲ್ಡನ್ ಪ್ಯಾಲೇಸ್' ಎಂಬ ಮುಂದುವರಿಕೆಗೆ ಹೋದರು. ಆರ್ಥರ್ ಅದರಲ್ಲಿ ಎರಡು ಭಾಗದ ಒಂದು ಕಥೆಗೆ ಅತಿಥಿಯಾಗಿ ಬಂದು ಹೋದರು. ಅದು ಒಂದೇ ವರ್ಷಕ್ಕೆ ಮುಚ್ಚಿತು.

ಆಮೇಲೆ?

1994ರಲ್ಲಿ ನ್ಯೂಯಾರ್ಕಿನ ಗೀತನಾಟಕ ಸಂಸ್ಥೆ ಮೆಟ್ರೊಪಾಲಿಟನ್ ಆಪೆರಾದಲ್ಲಿ, ಹಾಡದೆ ಬರೀ ಮಾತಿನ ಡಚೆಸ್ ಪಾತ್ರ. 2000ದಲ್ಲಿ 'ಮಾಲ್ಕಮ್ ಇನ್ ದ ಮಿಡಲ್' ಧಾರಾವಾಹಿಯ ಒಂದು ಕಂತು, ಅದಕ್ಕೂ ಎಮ್ಮಿ ನಾಮನಿರ್ದೇಶನ ಬಂತು. 2002ರಲ್ಲಿ, 79ನೇ ವಯಸ್ಸಿನಲ್ಲಿ, ಬ್ರಾಡ್‌ವೇಯ ಬೂತ್ ಥಿಯೇಟರಿನಲ್ಲಿ ಏಕವ್ಯಕ್ತಿ ಪ್ರದರ್ಶನ, ಪಿಯಾನೊಗೆ ಬಿಲ್ಲಿ ಗೋಲ್ಡನ್‌ಬರ್ಗ್. ಅದು ಟೋನಿಗೆ ನಾಮನಿರ್ದೇಶನಗೊಂಡಿತು, ಗೆದ್ದದ್ದು ಎಲೇನ್ ಸ್ಟ್ರಿಚ್ ಅವರ ಏಕವ್ಯಕ್ತಿ ಪ್ರದರ್ಶನ. ಡೊರೊಥಿ ಪಾತ್ರ ಕೈತಪ್ಪಿದ್ದ ಅದೇ ಸ್ಟ್ರಿಚ್.

ಉಯಿಲಿನಲ್ಲಿ ಯಾರಿಗೋ ಹಣ ಬಿಟ್ಟರಂತೆ?

ನ್ಯೂಯಾರ್ಕಿನ ಅಲಿ ಫೋರ್ನಿ ಸೆಂಟರ್‌ಗೆ 3 ಲಕ್ಷ ಡಾಲರ್. ಸಲಿಂಗಿ, ಲಿಂಗಾಂತರಿ ಎಂಬ ಕಾರಣಕ್ಕೆ ಮನೆಯಿಂದ ಹೊರಬಿದ್ದ ಹರೆಯದವರಿಗೆ ನೆಲೆ ಕೊಡುವ ಸಂಸ್ಥೆ ಅದು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಆ ಹಣ ಸಂಸ್ಥೆಯನ್ನು ಉಳಿಸಿತು. 2017ರಲ್ಲಿ 18 ಹಾಸಿಗೆಯ ವಸತಿಗೃಹವೊಂದು ಅವರ ಹೆಸರಿನಲ್ಲಿ ತೆರೆಯಿತು.

ಎಲ್ಲಿಂದ ನೋಡಲು ಶುರುಮಾಡಲಿ?

'ಗೋಲ್ಡನ್ ಗರ್ಲ್ಸ್'ನಲ್ಲಿ 1989ರ 'ಸಿಕ್ ಆ್ಯಂಡ್ ಟೈರ್ಡ್', ಎರಡು ಭಾಗ. ತೀರದ ದಣಿವಿನ ಕಾಯಿಲೆಯನ್ನು ಡಾಕ್ಟರುಗಳು ವಯಸ್ಸಿನ ಭ್ರಮೆ ಎಂದು ತಳ್ಳಿಹಾಕುತ್ತಾರೆ, ಕೊನೆಗೆ ಹೋಟೆಲಿನಲ್ಲಿ ಸಿಕ್ಕ ಡಾಕ್ಟರೊಬ್ಬನ ಮೇಜಿನ ಬಳಿಗೆ ಡೊರೊಥಿ ನಡೆದುಹೋಗುತ್ತಾಳೆ. ಸೂಸನ್ ಹ್ಯಾರಿಸ್ ತಾವೇ ಪಟ್ಟ ಪಾಡಿನಿಂದ ಬರೆದದ್ದು.

ಒಂದೇ ಕಂತು ಎಂದರೆ 'ಮಾಡ್'ನ 1975ರ 'ದ ಅನಲಿಸ್ಟ್'. ಮನೋವೈದ್ಯನ ಕೋಣೆ, ಅರ್ಧ ಗಂಟೆ ಪೂರ್ತಿ ಮಾಡ್ ಒಬ್ಬಳದೇ ಮಾತು, ಎದುರಿನವನು ಬಾಯಿಬಿಡುವುದಿಲ್ಲ. ಇಲ್ಲಿ ಮಾತು ತಿರುಗಿಸಲು ರೋಸ್ ಇಲ್ಲ, ಚುಚ್ಚಲು ಸೋಫಿಯಾ ಇಲ್ಲ. ಮೊದಲ ಸಲ ಮಾತಿಗಾಗಿ ನೋಡಿ. ಎರಡನೇ ಸಲ ದನಿ ತಗ್ಗಿಸಿಟ್ಟು ಅವರು ಸುಮ್ಮನಾಗುವ ಜಾಗಗಳನ್ನು ಮಾತ್ರ ಗಮನಿಸಿ, ಪ್ರೇಕ್ಷಕರು ಎಲ್ಲಿ ನಗು ನಿಲ್ಲಿಸುತ್ತಾರೆ ಎಂಬುದು ಆರ್ಥರ್ ಮುಖ ನೋಡಿಯೇ ತಿಳಿಯುತ್ತದೆ.